ಡ್ರೈವರ್ ಸೀಟಿನಿಂದ: ಬಸ್ ಓಡಿಸುವವರಿಗೆ ಭಯ ಆಗಲ್ವಾ?

ನಾನು 27 ವರ್ಷ ಬಸ್ ಓಡಿಸಿದವನು. ಆಮೇಲೆ 8 ವರ್ಷ ಟ್ರೇನಿಂಗ್ ಬಸ್ಸಿನಲ್ಲಿ ಹೊಸಬರ ಪಕ್ಕ ಕೂತು ಕಲಿಸಿದೆ. ಅಪಘಾತದ ಅಪಾಯ ಡ್ರೈವರ್ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ತುಂಬಾ ಪತ್ರಗಳು ಬಂದಿವೆ. ಒಂದೇ ಥರದವನ್ನು ಸೇರಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮುಂದಿನ ಸೀಟು ಸಿಕ್ಕರೆ ಅಲ್ಲೇ ಕೂರುತ್ತೇನೆ. ಮೊನ್ನೆ ಒಂದು ಬೈಕು ಬಸ್ಸಿನ ಮೂತಿಗೇ ಬಂದು ತಿರುಗಿಕೊಂಡಿತು. ನಾನು ಕಿರುಚಿಬಿಟ್ಟೆ. ಡ್ರೈವರ್ ಮುಖದಲ್ಲಿ ಮಾತ್ರ ಒಂದಿಷ್ಟೂ ಬದಲಾವಣೆ ಇಲ್ಲ. ಇವರಿಗೆ ಭಯ ಆಗಲ್ವಾ, ಇಲ್ಲಾ ನಮ್ಮ ಜೀವದ ಮೇಲೆ ಕಾಳಜಿ ಇಲ್ವಾ?
— ದಿನನಿತ್ಯದ ಪ್ರಯಾಣಿಕರು

ಉತ್ತರ: ನೀವು ಬೈಕನ್ನು ನೋಡಿದ್ದು ಅದು ಮೂತಿಗೆ ಬಂದಾಗ. ಡ್ರೈವರ್ ಅದನ್ನು ಎಷ್ಟೋ ಹಿಂದೆಯೇ ನೋಡಿರುವ ಸಾಧ್ಯತೆ ಜಾಸ್ತಿ. ಬೈಕಿನವನು ಒಂದು ಸಲ ಕತ್ತು ತಿರುಗಿಸಿದ್ದು, ಮುಂದಿನ ಚಕ್ರ ಒಂಚೂರು ವಾಲಿದ್ದು, ಇಷ್ಟು ಸಾಕು. ಕಾಲು ಆಗಲೇ ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬಂದಿರುತ್ತದೆ. ಹೊಸಬರ ಕಣ್ಣು ಬಸ್ಸಿನ ಮುಂದಿನ ರಸ್ತೆಗೇ ಅಂಟಿಕೊಂಡಿರುತ್ತದೆ. ಪಳಗಿದವರ ಕಣ್ಣು ದೂರಕ್ಕೆ ಹೋಗಿ ಬರುತ್ತದೆ, ಅಕ್ಕಪಕ್ಕ ಓಡಾಡುತ್ತದೆ, ಕನ್ನಡಿಗೆ ಹೋಗಿ ವಾಪಸ್ ಬರುತ್ತದೆ. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸ್ ಪರೀಕ್ಷೆಯಲ್ಲೇ ಇದನ್ನು ಸೇರಿಸಿದ್ದಾರೆ. ರಸ್ತೆಯ ವಿಡಿಯೊ ತೋರಿಸುತ್ತಾರೆ. ಅಪಾಯ ಹುಟ್ಟುತ್ತಿರುವಾಗಲೇ ಗುರುತಿಸಿ ಬಟನ್ ಒತ್ತಬೇಕು. ಬೇಗ ಗುರುತಿಸಿದವರಿಗೆ ಜಾಸ್ತಿ ಅಂಕ.

ಹಾಗಾಗಿ ಮುಖ ಶಾಂತವಾಗಿದೆ ಅಂದ ಮಾತ್ರಕ್ಕೆ ಕಾಳಜಿ ಇಲ್ಲ ಅಂದುಕೊಳ್ಳಬೇಡಿ. ಇದು ಅರ್ಧ ಉತ್ತರ. ಇನ್ನರ್ಧ ಅಷ್ಟು ಸಮಾಧಾನದ್ದಲ್ಲ, ಆದರೂ ಹೇಳಲೇಬೇಕು. ದಿನಾ ಮಾಡುವ ಕೆಲಸದಲ್ಲಿ ಇರುವ ಅಪಾಯ ನಮ್ಮ ಕಣ್ಣಿಗೆ ಕಾಣುವುದೇ ನಿಂತುಹೋಗುತ್ತದೆ. ನೂರು ಸಲ ತಪ್ಪು ಮಾಡಿದರೂ ರಸ್ತೆ ತೊಂಬತ್ತೊಂಬತ್ತು ಸಲ ಸುಮ್ನೆ ಬಿಟ್ಟುಬಿಡುತ್ತದೆ. ಆಗ ಅದು ತಪ್ಪು ಅಂತಲೇ ಅನಿಸುವುದಿಲ್ಲ.

ನನ್ನದೇ ಒಂದು ದಿನ ಹೇಳುತ್ತೇನೆ. ಬೆಳಗ್ಗೆಯಿಂದ ಮಳೆ. ನನ್ನ ತಲೆಯಲ್ಲಿ ಇದ್ದದ್ದು ಮುಂದೆ ಬರುವ ಇಳಿಜಾರಿನ ತಿರುವು ಒಂದೇ. ಅಲ್ಲಿ ಚಕ್ರ ಜಾರಿದರೆ ಏನು ಮಾಡುವುದು ಅಂತ ಯೋಚಿಸುತ್ತಾ ಒಂದು ಸ್ಟಾಪಿನಲ್ಲಿ ನಿಲ್ಲಿಸಿದೆ. ಜನ ಇಳಿದರು, ಹತ್ತಿದರು. ಕನ್ನಡಿ ನೋಡಿದೆ, ಹಿಂದೆ ಖಾಲಿ. ಗೇರು ಹಾಕಿ ಬ್ರೇಕ್ ಸಡಿಲ ಬಿಟ್ಟೆ. ಬಸ್ಸು ಅರ್ಧ ಅಡಿ ಸರಿದಿರಬಹುದು, ಅಷ್ಟೇ. ಮುಂದಿನ ಗಾಜಿನ ಕೆಳಅಂಚಿಗೆ ‘ಧಪ್’ ಅಂತ ಒಂದು ಅಂಗೈ ಬಡಿಯಿತು.

ಒಬ್ಬರು ಅಜ್ಜಿ. ಇಳಿದವರು ಬಸ್ಸಿನ ಮೂತಿಗೆ ತಾಗಿಕೊಂಡೇ ರಸ್ತೆ ದಾಟುತ್ತಿದ್ದರು. ಏನೋ ಕೆಳಗೆ ಬಿದ್ದಿತು ಅಂತ ಬಗ್ಗಿದ್ದರು. ಬಗ್ಗಿದವರು ನನಗೆ ಕಾಣುವ ಸಾಧ್ಯತೆಯೇ ಇರಲಿಲ್ಲ. ಬಸ್ಸು ಅಲುಗಿದ್ದು ಗೊತ್ತಾಗಿ ಕೈ ಎತ್ತಿ ಬಡಿದರು. ಅವರು ಕ್ಷೇಮವಾಗಿ ದಾಟಿ ಹೋದರು, ತಿರುಗಿ ನನ್ನ ಕಡೆ ನೋಡಲೂ ಇಲ್ಲ. ಒದ್ದೆ ಅಂಗೈಯ ಗುರುತು ಮಾತ್ರ, ಐದೂ ಬೆರಳು, ವೈಪರ್ ಮುಟ್ಟದ ಮೂಲೆಯಲ್ಲಿ ಹಾಗೇ ಉಳಿಯಿತು. ಆ ಟ್ರಿಪ್ಪು ಪೂರ್ತಿ ಅದನ್ನು ನೋಡಿಕೊಂಡೇ ಓಡಿಸಿದೆ. ಇಳಿಜಾರಿನ ತಿರುವು ಬಂತು, ಹೋಯಿತು, ಏನೂ ಆಗಲಿಲ್ಲ. ದಿನಕ್ಕೆ ಅದೆಷ್ಟೋ ಸಲ ಮಾಡುವ ಕೆಲಸ ಅದು, ಸ್ಟಾಪಿನಿಂದ ಬಸ್ ಹೊರಡಿಸುವುದು. ಆವತ್ತಿನವರೆಗೆ ಅದು ಅಪಾಯದ ಕೆಲಸ ಅಂತ ನನಗೆ ಒಂದು ದಿನವೂ ಅನಿಸಿರಲಿಲ್ಲ.

ಪ್ರಶ್ನೆ: ನಾನು ಮನಶ್ಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಹಲವು ಡ್ರೈವರ್‌ಗಳನ್ನು ಮಾತಾಡಿಸಿದೆ. ಎಲ್ಲರದ್ದೂ ಒಂದೇ ಮಾತು: ‘ನಾನು ಸರಿಯಾಗೇ ಓಡಿಸ್ತೀನಿ, ಎದುರಿಗೆ ಬರೋರೇ ಸರಿ ಇಲ್ಲ.’ ಇದನ್ನು ಎಷ್ಟು ನಂಬಬೇಕು?
— ಒಬ್ಬ ವಿದ್ಯಾರ್ಥಿನಿ

ಉತ್ತರ: ಅವರು ನಿಮಗೆ ಸುಳ್ಳು ಹೇಳಿಲ್ಲ ಮಗಳೇ. ಅವರಿಗೆ ಹಾಗೇ ಅನಿಸುತ್ತದೆ. 1981ರಲ್ಲಿ ಸ್ವೀಡನ್ನಿನ ಸಂಶೋಧಕ ಓಲಾ ಸ್ವೆನ್ಸನ್ ಎರಡು ದೇಶಗಳ ವಿದ್ಯಾರ್ಥಿಗಳನ್ನು, ಉಳಿದವರಿಗೆ ಹೋಲಿಸಿದರೆ ನೀವು ಹೇಗೆ ಗಾಡಿ ಓಡಿಸುತ್ತೀರಿ ಅಂತ ಕೇಳಿದ್ದರು. ಅಮೆರಿಕದವರಲ್ಲಿ 93% ಜನ, ಸ್ವೀಡನ್ನಿನವರಲ್ಲಿ 69% ಜನ ತಮ್ಮ ಕೈಚಳಕ ಮೇಲಿನ ಅರ್ಧದಲ್ಲಿದೆ ಅಂದರು. ಮೇಲಿನ ಅರ್ಧದಲ್ಲಿ ಅರ್ಧ ಜನಕ್ಕೆ ಮಾತ್ರ ಜಾಗ ಇರುತ್ತದೆ, ಅಲ್ವಾ?

ನಾನೂ ಟ್ರೇನಿಂಗ್ ಕ್ಲಾಸಿನಲ್ಲಿ ಕೈ ಎತ್ತಿಸುತ್ತಿದ್ದೆ. ಪ್ರತಿ ಸಲ ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ. ಆಮೇಲೆ ಒಂದು ಕೆಲಸ ಕೊಡುತ್ತಿದ್ದೆ. ನಿಮಗೆ ಆದ, ಅಥವಾ ಇನ್ನೇನು ಆಗಿಯೇಬಿಡುತ್ತಿದ್ದ ಒಂದು ಘಟನೆ ಬರೆಯಿರಿ. ಬರೆದಾದ ಮೇಲೆ ಅದನ್ನೇ ಎದುರಿನವನ ಬಾಯಲ್ಲಿ ಹೇಳಿ, ‘ನಾನು ಸೈಕಲ್ಲಿನಲ್ಲಿ ಹೋಗ್ತಾ ಇದ್ದೆ, ಪಕ್ಕದಲ್ಲಿ ಒಂದು ಬಸ್ಸು ಬಂತು’ ಅಂತ ಶುರು ಮಾಡಿ. ಅರ್ಧಕ್ಕೆ ಬರುವಷ್ಟರಲ್ಲಿ ಕೆಲವರ ದನಿ ಇಳಿದುಹೋಗುತ್ತಿತ್ತು. ನಿಮ್ಮ ಪ್ರಾಜೆಕ್ಟಿನಲ್ಲೂ ಪ್ರಶ್ನೆ ಬದಲಾಯಿಸಿ ನೋಡಿ. ‘ಅಪಾಯ ಎಷ್ಟಿದೆ’ ಅಂತ ಕೇಳಿದರೆ ಎಲ್ಲರೂ ಬೇರೆಯವರ ಬಗ್ಗೆ ಹೇಳುತ್ತಾರೆ. ‘ಈ ವಾರ ಎಲ್ಲಿ ಜೋರಾಗಿ ಬ್ರೇಕ್ ಹಾಕಿದಿರಿ, ಅದಕ್ಕೆ ಮುಂಚೆ ಎಲ್ಲಿ ನೋಡ್ತಾ ಇದ್ರಿ’ ಅಂತ ಕೇಳಿ. ನಿಜ ಹೊರಗೆ ಬರುತ್ತದೆ.

ಸ್ಟೇರಿಂಗ್ ಯಾರ ಕೈಯಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೈಯಲ್ಲಿ ಸ್ಟೇರಿಂಗ್ ಇದ್ದವನಿಗೆ ಅಪಾಯ ಚಿಕ್ಕದಾಗಿ ಕಾಣುತ್ತದೆ. ಪಕ್ಕದಲ್ಲಿ ಕೈ ಖಾಲಿ ಕೂತವನಿಗೆ ಅದೇ ಅಪಾಯ ದೊಡ್ಡದು. 27 ವರ್ಷ ಓಡಿಸಿದ ನನಗೆ, ಮೊದಲ ದಿನ ಟ್ರೇನಿಯ ಪಕ್ಕ ಕೂತಾಗ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಪ್ರಶ್ನೆ: ಈಗ ಹೊಸ ಬಸ್ಸುಗಳಲ್ಲಿ ಎಬಿಎಸ್ ಬ್ರೇಕು (ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡಿಕೊಳ್ಳುವ ಬ್ರೇಕು), ಕ್ಯಾಮೆರಾ ಎಲ್ಲಾ ಇದೆ. ಅಪಾಯ ಕಡಿಮೆ ಆಗಿರಲೇಬೇಕಲ್ವಾ?

ಉತ್ತರ: ಆಗಬೇಕು. ಆದರೆ ಆ ಸುರಕ್ಷತೆಯನ್ನು ಡ್ರೈವರ್ ವೇಗಕ್ಕೆ ಖರ್ಚು ಮಾಡದಿದ್ದರೆ ಮಾತ್ರ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲವು ಟ್ಯಾಕ್ಸಿಗಳಿಗೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಹೋಲಿಸಿ ನೋಡಿದರು. ಎಬಿಎಸ್ ಇದ್ದವುಗಳ ಅಪಘಾತ ಕಡಿಮೆ ಆಗಲಿಲ್ಲ. ಬ್ರೇಕು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಅವರು ತಿರುವುಗಳನ್ನು ಇನ್ನೂ ಚುರುಕಾಗಿ ತೆಗೆದುಕೊಳ್ಳಲು ಶುರು ಮಾಡಿದ್ದರು.

ಬಸ್ಸಿನಲ್ಲಿ ಇನ್ನೊಂದು ಮೋಸ ಇದೆ: ಎತ್ತರ. ಕಾರಿನಲ್ಲಿ ರಸ್ತೆ ಕಣ್ಣಿಗೆ ಹತ್ತಿರ ಇರುತ್ತದೆ, ಸರ್ರನೆ ಓಡುತ್ತದೆ. ಬಸ್ಸಿನಲ್ಲಿ ಮೇಲೆ ಕೂತಾಗ ಅದೇ ವೇಗ ನಿಧಾನ ಅನಿಸುತ್ತದೆ. ಹೊಸಬರಿಗೆ ಮೀಟರ್ ಮುಚ್ಚಿ ‘ಈಗ ಎಷ್ಟರಲ್ಲಿದ್ದೀಯಾ’ ಅಂತ ಕೇಳುತ್ತಿದ್ದೆ. ಯಾವಾಗಲೂ ಕಡಿಮೆಯೇ ಹೇಳುತ್ತಿದ್ದರು.

ಪ್ರಶ್ನೆ: ಅಣ್ಣಾ, ನನ್ನ ಗಂಡ ಬಸ್ ಡ್ರೈವರ್. ರಾತ್ರಿ ಡ್ಯೂಟಿ ಜಾಸ್ತಿ. ಹಗಲು ನಾಲ್ಕು ಗಂಟೆ ಮಲಗಿದರೆ ಹೆಚ್ಚು. ಕೇಳಿದರೆ ‘ಇಪ್ಪತ್ತು ವರ್ಷ ಆಯ್ತು, ನನಗೆ ನಿದ್ದೆ ಬರಲ್ಲ’ ಅಂತಾರೆ. ನಾನು ಫೋನ್ ಕೈಯಲ್ಲೇ ಇಟ್ಟುಕೊಂಡು ಬೆಳಗಾಗುವುದನ್ನು ಕಾಯುತ್ತೇನೆ. ಏನು ಹೇಳಲಿ ಅವರಿಗೆ?
— ಒಬ್ಬ ಡ್ರೈವರ್ ಹೆಂಡತಿ

ಉತ್ತರ: ತಂಗಿ, ನಿಮ್ಮ ಭಯಕ್ಕೆ ಕಾರಣ ಇದೆ. ಅದನ್ನು ಅತಿ ಅಂತ ಯಾರೂ ತಳ್ಳಿಹಾಕದಿರಲಿ. ಎದುರಿಗೆ ಲಾರಿ ಬಂದರೆ ಕಣ್ಣಿಗೆ ಕಾಣುತ್ತದೆ. ನಿದ್ದೆ ಹಾಗಲ್ಲ. ಅಪಾಯ ಗುರುತಿಸಬೇಕಾದ ಮೆದುಳೇ ಆಗ ಮಂಕಾಗಿರುತ್ತದೆ. 17 ಗಂಟೆ ಸತತ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿದಿರುತ್ತದೆ ಅಂತ ಪ್ರಯೋಗಗಳು ತೋರಿಸಿವೆ. 24 ಗಂಟೆ ಆದರೆ 0.10%ರ ಮಟ್ಟ. ಇವರು ಒಂದು ತೊಟ್ಟೂ ಕುಡಿದಿರುವುದಿಲ್ಲ, ಆದರೂ ಕೈಕಾಲು ಕುಡಿದವರ ಥರ ತಡವಾಗಿ ಕೆಲಸ ಮಾಡುತ್ತದೆ.

ನನಗೂ ಆಗಿದೆ. ರಾತ್ರಿ ಸರ್ವೀಸು, ಬೆಳಗಿನ ಜಾವ ನಾಲ್ಕರ ಹತ್ತಿರ. ದಾರಿಯಲ್ಲಿ ಒಂದು ಉದ್ದದ ಸೇತುವೆ ಇತ್ತು. ಅದರ ಜೋಡಣೆಗಳ ಮೇಲೆ ಚಕ್ರ ಹತ್ತಿದಾಗ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಸೇತುವೆ ಇನ್ನೂ ಬಂದಿಲ್ಲವಲ್ಲ ಅಂತ ಕಾಯುತ್ತಿದ್ದೆ. ನೋಡಿದರೆ ಅದಾದ ಮೇಲಿನ ಊರಿನ ಬೋರ್ಡು ಎದುರಿಗೆ ಬಂತು. ಸೇತುವೆ ದಾಟಿದ್ದೇ ನನಗೆ ಗೊತ್ತಿಲ್ಲ. ಬೆನ್ನಲ್ಲಿ ಚಳಿ ಹತ್ತಿತು. ಆ ಸದ್ದು ನನ್ನ ಕಿವಿಗೆ ಬಿದ್ದಿಲ್ಲ ಅಂದರೆ ಆ ಹೊತ್ತು ಸ್ಟೇರಿಂಗ್ ಹಿಡಿದಿದ್ದವರು ಯಾರು? 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಬಸ್ಸು ಸುಮಾರು 67 ಮೀಟರ್ ಹೋಗಿರುತ್ತದೆ.

ಅವರಿಗೆ ‘ಹುಷಾರಾಗಿ ಓಡಿಸಿ’ ಅಂತ ಹೇಳಬೇಡಿ. ಅದರಿಂದ ಪ್ರಯೋಜನ ಇಲ್ಲ. ಡ್ಯೂಟಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ಗಂಟೆಯಾದರೂ ಮಲಗುವಂತೆ ಮಾಡಿ, ಮನೆಯಲ್ಲಿ ಆ ಹೊತ್ತು ಟಿವಿ, ನೆಂಟರು, ಫೋನು ಬೇಡ. ದಾರಿಯಲ್ಲಿ ಕಣ್ಣು ಭಾರ ಅನಿಸಿದರೆ ಕಿಟಕಿ ತೆಗೆಯುವುದು, ಹಾಡು ಹಾಕುವುದು, ಮುಖಕ್ಕೆ ನೀರು ಹಾಕುವುದು ಸ್ವಲ್ಪ ಹೊತ್ತಿನ ಸಮಾಧಾನ, ಅಷ್ಟೇ. ಜಾಗ ನೋಡಿ ನಿಲ್ಲಿಸಿ, ಒಂದು ಕಾಫಿ ಕುಡಿದು, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಬೇಕು. ಎದ್ದೇಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ಇನ್ನೊಂದು ನೀವೇ ಗಮನಿಸಬಹುದು. ಮಲಗಿದಾಗ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ ಮತ್ತೆ ಎಳೆದುಕೊಳ್ಳುತ್ತಾರಾ? ಹಾಗಿದ್ದರೆ ಡಾಕ್ಟರಿಗೆ ತೋರಿಸಿ. ಅಂಥವರಿಗೆ ಎಂಟು ಗಂಟೆ ಮಲಗಿದರೂ ನಿದ್ದೆ ಸಾಲುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ಸರ್, ಡ್ಯೂಟಿಗೆ ಸೇರಿ ಎರಡು ತಿಂಗಳು. ಲೇಟಾದರೆ ಆಫೀಸಿನಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಜನ ಗೊಣಗುತ್ತಾರೆ. ನನಗೆ ಈಗಲೂ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ‘ಆರು ತಿಂಗಳು ತಡಿ, ಹೆದರಿಕೆ ತಾನಾಗೇ ಹೋಗುತ್ತೆ’ ಅಂತ ಸೀನಿಯರ್‌ಗಳು ಹೇಳುತ್ತಾರೆ. ಹೋಗುತ್ತಾ?
— ಹೊಸ ಡ್ರೈವರ್

ಉತ್ತರ: ಹೋಗುತ್ತದೆ ತಮ್ಮಾ. ನನಗೆ ಚಿಂತೆ ಇರುವುದೇ ಅದರ ಬಗ್ಗೆ.

1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಒಂದೇ ದಿನದಲ್ಲಿ ಎಡಗಡೆ ಓಡಾಟ ಬಿಟ್ಟು ಬಲಗಡೆಗೆ ಬದಲಾಯಿತು. ಅಪಘಾತ ಜಾಸ್ತಿ ಆಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಆದದ್ದು ಉಲ್ಟಾ, ಮೊದಮೊದಲು ಕಡಿಮೆ ಆಯಿತು. ಪ್ರತಿಯೊಬ್ಬರೂ ಹೆದರಿ, ಕಣ್ಣು ಬಿಟ್ಟುಕೊಂಡು ಓಡಿಸಿದರು. ಹೊಸ ದಾರಿ ಅಭ್ಯಾಸ ಆದ ಹಾಗೆ ಎರಡು ವರ್ಷದೊಳಗೆ ಲೆಕ್ಕ ಹಳೇ ಮಟ್ಟಕ್ಕೇ ಬಂದು ನಿಂತಿತು. ನಿನ್ನ ಅಂಗೈ ಬೆವರು ನಿಲ್ಲಲಿ, ಅದು ಬೇಡ. ಆದರೆ ಆ ಬೆವರು ಈಗ ನಿನ್ನಿಂದ ಏನೇನು ಮಾಡಿಸುತ್ತಿದೆಯೋ ಅದನ್ನೆಲ್ಲ ಕೈಗೆ, ಕಣ್ಣಿಗೆ ರೂಢಿ ಮಾಡಿಸಿಬಿಡು. ಭಯ ಹೋದ ಮೇಲೂ ರೂಢಿ ಉಳಿಯುತ್ತದೆ.

ಸ್ಟಾಪಿನಿಂದ ಹೊರಡುವ ಮುಂಚೆ ಮೈ ಮುಂದಕ್ಕೆ ಬಗ್ಗಿಸಿ ಗಾಜಿನ ಕೆಳಗೆ ನೋಡು. ಅಂಗೈ ಗುರುತು ಬಿದ್ದ ದಿನದಿಂದ ನಾನು ಒಂದು ಸಲವೂ ಬಿಟ್ಟಿಲ್ಲ. ಎರಡನೆಯದು, ಗಾಜಿನ ಪಕ್ಕದ ಕಂಬ. ಅದು ಅಂಗೈ ಅಗಲ ಇರಬಹುದು, ಆದರೆ ದೂರದಲ್ಲಿ ಒಂದಿಡೀ ಬೈಕು, ಸವಾರನ ಸಮೇತ, ಅದರ ಹಿಂದೆ ಅಡಗುತ್ತದೆ. ನಿನಗೆ ಡಿಕ್ಕಿ ಆಗುವ ದಾರಿಯಲ್ಲೇ ಬರುತ್ತಿರುವ ಗಾಡಿ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತ ಹಾಗೆ ಇರುತ್ತದೆ, ಅಕ್ಕಪಕ್ಕ ಸರಿಯುವುದಿಲ್ಲ, ಸುಮ್ನೆ ದೊಡ್ಡದಾಗುತ್ತಾ ಬರುತ್ತದೆ. ಆ ಜಾಗ ಕಂಬದ ಹಿಂದೆ ಇದ್ದರೆ ಕೊನೆಯವರೆಗೂ ಕಾಣುವುದಿಲ್ಲ. ಅದಕ್ಕೇ ಕ್ರಾಸಿನಲ್ಲಿ ಕುತ್ತಿಗೆ ಹಿಂದೆ ಮುಂದೆ ಆಡಿಸಬೇಕು. ನೋಡುವವರಿಗೆ ವಿಚಿತ್ರ ಅನಿಸಿದರೆ ಅನಿಸಲಿ. ಮೂರನೆಯದು ತಿರುವಿನಲ್ಲಿ ಒಳಗಡೆಯ ಹಿಂದಿನ ಚಕ್ರ. ಮುಂದಿನ ಚಕ್ರ ಹೋದ ದಾರಿಯಲ್ಲಿ ಅದು ಹೋಗುವುದಿಲ್ಲ, ಇನ್ನೂ ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಸೈಕಲ್ಲಿನವರು ಅಲ್ಲೇ ನಿಂತಿರುತ್ತಾರೆ.

ಇನ್ನು ಟೈಮಿನ ಮಾತು. ಆಫೀಸಿನಲ್ಲಿ ಕೂತವರಿಗೆ ಲೇಟಾದ ನಿಮಿಷಗಳು ಕಾಗದದ ಮೇಲೆ ಕಾಣುತ್ತವೆ. ಆಗದೇ ಉಳಿದ ಅಪಘಾತ ಯಾವ ಕಾಗದದಲ್ಲೂ ಇರುವುದಿಲ್ಲ. ಇದು ನನ್ನನ್ನು ಸರ್ವೀಸಿನ ಉದ್ದಕ್ಕೂ ನೋಯಿಸಿದ ವಿಷಯ. ಒಂದು ಸಲ ಮಂಜಿನಲ್ಲಿ ನಿಧಾನ ಬಂದದ್ದಕ್ಕೆ ಲಿಖಿತ ವಿವರಣೆ ಕೊಡಬೇಕಾಯಿತು. ಕೊಟ್ಟೆ. ನೀನೂ ಕೊಡು, ಹೆದರಬೇಡ. ಲೆಕ್ಕ ಮಾತ್ರ ತಲೆಯಲ್ಲಿ ಇಟ್ಟುಕೋ. 10 ಕಿ.ಮೀ. ದಾರಿಯನ್ನು 60ರ ಬದಲು 70ರಲ್ಲಿ ಓಡಿಸಿದರೆ ಉಳಿಯುವುದು ಒಂದೂವರೆ ನಿಮಿಷಕ್ಕೂ ಕಡಿಮೆ. ಒಣಗಿದ ರಸ್ತೆ, ಬ್ರೇಕು ಚೆನ್ನಾಗಿದೆ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಅಂತ ಇಟ್ಟುಕೋ. 60ರಲ್ಲಿದ್ದ ಬಸ್ಸು ನಿಲ್ಲಲು ಸುಮಾರು 53 ಮೀಟರ್ ಬೇಕು. 70ರಲ್ಲಿದ್ದ ಬಸ್ಸಿಗೆ ಸುಮಾರು 67. ಬರೀ 14 ಮೀಟರ್ ವ್ಯತ್ಯಾಸ ಅನಿಸುತ್ತದೆ. ಆದರೆ ಮೊದಲ ಬಸ್ಸು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 40 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಇರುತ್ತದೆ. ಆ ಜಾಗದಲ್ಲಿ ಒಂದು ಮಗು ನಿಂತಿದೆ ಅಂದುಕೋ.

ಒಳಗಿನ ಜನವೂ ನೆನಪಿರಲಿ. ಆ ಥರ ಬ್ರೇಕ್ ಹಾಕಿದರೆ ಹೊರಗೆ ಯಾರಿಗೂ ಏನೂ ಆಗದೇ ಇರಬಹುದು, ನಿಂತವರು ಮುಂದಕ್ಕೆ ಬಿದ್ದು ಹಲ್ಲು ಮುರಿದುಕೊಳ್ಳುತ್ತಾರೆ, ವಯಸ್ಸಾದವರ ಸೊಂಟದ ಮೂಳೆ ಮುರಿಯುತ್ತದೆ. ಎಲ್ಲಿಗೂ ಡಿಕ್ಕಿ ಹೊಡೆಯದ ಬಸ್ಸಿನಲ್ಲೂ ಎಷ್ಟೋ ಜನಕ್ಕೆ ಗಾಯ ಆಗುತ್ತದೆ. ಡ್ರೈವರ್ ತಲೆಯಲ್ಲಿ ಅದು ಅಪಘಾತದ ಲೆಕ್ಕಕ್ಕೇ ಬರುವುದಿಲ್ಲ.

ಪ್ರಶ್ನೆ: ನಾನೂ ನಿವೃತ್ತ ಡ್ರೈವರ್. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು ಹುಷಾರಾಗಿದ್ದರೂ ಬರುವುದು ಬಂದೇ ಬರುತ್ತದೆ. ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಆಗುತ್ತಾ?

ಉತ್ತರ: ಬೇಜಾರಿಲ್ಲ ಅಣ್ಣಾ. ಈ ಮಾತು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನನ್ನ ಜೊತೆಗಾರರೊಬ್ಬರ ಬಸ್ಸಿಗೆ ಸಿಕ್ಕಿ ಒಬ್ಬ ಹುಡುಗ ತೀರಿಕೊಂಡ. ಆ ರಾತ್ರಿ ನಾನು ಅವರ ಪಕ್ಕದಲ್ಲೇ ಇದ್ದೆ. ‘ಅವನ ಆಯಸ್ಸು ಅಷ್ಟೇ ಇತ್ತು’ ಅಂತ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಹೂಂ ಅಂದೆ. ಆವತ್ತು ಅವರಿಗೆ ಆ ಮಾತು ಬೇಕಿತ್ತು, ಇಲ್ಲದಿದ್ದರೆ ಬೆಳಗು ಕಾಣುವುದು ಕಷ್ಟವಿತ್ತು. ಆಗಿಹೋದದ್ದಕ್ಕೆ ಹಣೆಬರಹ ಅನ್ನಿ, ನಾನು ಜಗಳ ಆಡುವುದಿಲ್ಲ. ನಾಳೆ ಬೆಳಗಿನ ಟ್ರಿಪ್ಪಿಗೆ ಮಾತ್ರ ಅದನ್ನು ಬಸ್ಸಿಗೆ ಹತ್ತಿಸಿಕೊಳ್ಳಬೇಡಿ. ಹೇಗಿದ್ದರೂ ಬರುತ್ತದೆ ಅಂದವನು ಕನ್ನಡಿ ಯಾಕೆ ನೋಡುತ್ತಾನೆ?

ನಮ್ಮ ರೂಟಿನಲ್ಲಿ ಒಂದು ತಿರುವು ಇತ್ತು. ತಿರುಗಿದ ಕೂಡಲೇ ಜನ ರಸ್ತೆ ದಾಟುವ ಜಾಗ. ಒಂದೇ ವರ್ಷದಲ್ಲಿ ನಾವು ಮೂವರು ಅಲ್ಲಿ ಗಕ್ಕನೆ ಬ್ರೇಕ್ ಹಾಕಿದ್ದೆವು. ‘ಆ ಜಾಗವೇ ಸರಿ ಇಲ್ಲ’ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಒಂದು ರಜೆಯ ದಿನ ಅಲ್ಲಿಗೆ ನಡೆದುಕೊಂಡು ಹೋದೆ. ಕೆಳಗೆ ನಿಂತರೆ ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ಪಕ್ಕದ ಕಟ್ಟೆ ಹತ್ತಿ, ಡ್ರೈವರ್ ಕಣ್ಣಿನ ಎತ್ತರಕ್ಕೆ ಬಂದು ನೋಡಿದೆ. ಮರದ ಒಂದು ಕೊಂಬೆ ಸರಿಯಾಗಿ ಅಡ್ಡ ಬರುತ್ತಿತ್ತು. ಕಾರಿನವರಿಗೆ ಅದು ತೊಂದರೆಯೇ ಅಲ್ಲ. ಬಸ್ಸಿನವರಿಗೆ ಮಾತ್ರ ದಾಟುವವರೆಲ್ಲ ಆ ಎಲೆಗಳ ಹಿಂದೆ.

ಅರ್ಜಿ ಬರೆದೆ. ನಾಲ್ಕು ತಿಂಗಳು ಓಡಾಡಿದೆ. ಕೊನೆಗೂ ಕತ್ತರಿಸಿದರು. ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ ಆ ತಿರುವು ತಿರುಗಿದಾಗ ಐದಾರು ಜನ ದಾಟಲು ನಿಂತಿದ್ದರು. ಒಬ್ಬರು ಮಗುವಿನ ಶೂ ಲೇಸ್ ಕಟ್ಟುತ್ತಾ ಕೂತಿದ್ದದ್ದೂ ಅಷ್ಟು ದೂರದಿಂದಲೇ ಕಾಣುತ್ತಿತ್ತು. ನಾನು ನಿಲ್ಲಿಸಿ, ಲೇಸ್ ಕಟ್ಟಿ ಮುಗಿಯುವವರೆಗೆ ಕಾದೆ.